ಒಡಲಿನ ಕೊಂಡಿ

ಇಳಕಲ್ಲಿನ ಮದುವಣಗಿತ್ತಿಯರನ್ನೆಲ್ಲ ಚೆಂದ ಕಾಣಿಸಿದ ಪುಣ್ಯಾತ್ಗಿತ್ತಿ ಚೇತನಾ. ಬಸ್ ಸ್ಟ್ಯಾಂಡ್ ಹಿಂದಿನ ಸ್ಟುಡಿಯೊದಲ್ಲಿ ಫೋಟೊ ತಿದ್ದುವುದು ಅವಳ ಕೆಲಸ. ಮೊಡವೆ ಅಳಿಸುವುದು, ಸೊಂಟ ಸಣ್ಣ ಮಾಡುವುದು, ಬಣ್ಣ ಒಂದಿಷ್ಟು ತಿಳಿಗೊಳಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ತನ್ನ ಹೊಟ್ಟೆಯೊಂದನ್ನು ಮಾತ್ರ ಅವಳು ಕಣ್ಣುಬಿಟ್ಟು ನೋಡಲಾರಳು.

ಗಡ್ಡೆ ಬೆಳೆದು ಗರ್ಭಕೋಶ ತೆಗೆದು ವರ್ಷವಾಗಿತ್ತು. ಮಕ್ಕಳಾಗುವ ಮೊದಲೇ ಹಾಗಾಯಿತು. ನೋಡಲು ಬಂದ ಪಕ್ಕದ ಮನೆಯ ರಂಗವ್ವ ನಾಲ್ಕು ಬಾಳೆಹಣ್ಣು ಇಟ್ಟು, 'ಪಾಪ, ಒಡಲ ಖಾಲಿ ಆತು' ಎಂದು ಹೋಗಿದ್ದಳು. ಕೆಟ್ಟ ಹೆಂಗಸೇನಲ್ಲ, ಬಾಯಿಗೆ ಬಂದದ್ದು ಆಡಿದಳು, ಮರೆತಳು. ಕೇಳಿದವಳು ಮರೆಯಬೇಕಲ್ಲ! ಅಂದಿನಿಂದ ಚೇತನಾ ಕನ್ನಡಿಗೆ ಬೆನ್ನು ತಿರುಗಿಸಿಯೇ ಸೀರೆ ಉಟ್ಟಳು. ಗಂಡ ಸಚಿನನ ಕೈಯನ್ನೂ ಹೊಟ್ಟೆಯ ಮೇಲೆ ಇಡಗೊಡಲಿಲ್ಲ. ತಾನಿನ್ನು ಪೂರ್ತಿ ಹೆಂಗಸು ಹೌದೋ ಅಲ್ಲವೋ ಎಂಬುದೇ ಅವಳಿಗೆ ಅನುಮಾನವಾಗಿತ್ತು.

ಆ ಅನುಮಾನಕ್ಕೆ ಉತ್ತರ ಹುಡುಕಲೆಂದೇ ತನ್ನ ಫೋಟೊ ತಾನೇ ತೆಗೆದುಕೊಳ್ಳತೊಡಗಿದಳು. ಗುಡೂರಿನ ತವರಿಗೆ ಹೋದಾಗಲೆಲ್ಲ ಬಾಗಿಲು ಹಾಕಿಕೊಂಡು, ಮೊಬೈಲನ್ನು ಕಿಟಕಿಯ ಕಟ್ಟೆಗೆ ಒರಗಿಸಿ, ಒಡೆದ ಹಿಮ್ಮಡಿ, ಬೆನ್ನು, ಕೊರಳು ಎಲ್ಲ ತೆಗೆದಳು. ಒಂದನ್ನೂ ತಿದ್ದಲಿಲ್ಲ. ಆದರೆ ಮುಖ ಇದ್ದಲ್ಲಿ ಮೈ ಇರಲಿಲ್ಲ, ಮೈ ಇದ್ದಲ್ಲಿ ಮುಖ ಇರಲಿಲ್ಲ. ಒಂದು ಮಧ್ಯಾಹ್ನ ಧೈರ್ಯ ಮಾಡಿ ಹೊಟ್ಟೆಯ ಮೇಲಿನ ಹೊಲಿಗೆಯ ಕಲೆಯನ್ನೂ ತೆಗೆದಳು, ತೀರ ಹತ್ತಿರದಿಂದ, ಕಪ್ಪು-ಬಿಳುಪಿನಲ್ಲಿ. ತೆಗೆದದ್ದನ್ನು ನೋಡದೆ ಮೊಬೈಲು ಅಲ್ಲೇ ಬಿಟ್ಟು ಚಹಾ ಇಡಲು ಹೋದಳು.

ಅಷ್ಟರಲ್ಲಿ ಅವಳ ಅವ್ವ ಕಾಳವ್ವ ಮಗ್ಗದಿಂದೆದ್ದು ಒಳಗೆ ಬಂದಳು. ಜನ್ಮವೆಲ್ಲ ಇಳಕಲ್ ಸೀರೆ ನೇಯ್ದವಳು. ಸೀರೆಯ ಒಡಲಿಗೊಂದು ಉದ್ದೆಳೆಯ ಹಾಸು, ಸೆರಗಿಗೊಂದು ಹಾಸು. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಕಂಡವರ ಸೆರಗು ಹಿಡಿದು ಕೊಂಡಿ ನೋಡುವ ಚಟ ಕಾಳವ್ವನಿಗೆ. ಚೇತನಾ ಚಹಾ ತರುವ ಹೊತ್ತಿಗೆ ಮೊಬೈಲು ಅವ್ವನ ಕೈಯಲ್ಲಿತ್ತು.

ಕಾಳವ್ವ ಫೋಟೊವನ್ನು ಮೂಗಿನ ಹತ್ತಿರ ಹಿಡಿದು ಮೆಚ್ಚಿಗೆಯಿಂದ ತಲೆಯಾಡಿಸಿದಳು.

"ಯಾರ ಮಗ್ಗದ್ದಬೇ ಇದು? ಕೊಂಡಿ ಚೊಲೋ ಕೂಡ್ಯಾವ. ಒಡಲ ಭಾಳ ಗಟ್ಟಿ ಐತಿ."

ಒಡಲು. ಅದೇ ಮಾತು. ಚೇತನಾಳಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು.

"ಯವ್ವಾ, ಅದು ಸೀರಿ ಅಲ್ಲ. ನನ್ನ ಹೊಟ್ಟಿ."

ಕಾಳವ್ವ ಮತ್ತೊಮ್ಮೆ ನೋಡಿದಳು. ಅಯ್ಯೋ ಎನ್ನಲಿಲ್ಲ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಮಗಳನ್ನು ಕಿಟಕಿಯ ಬೆಳಕಿಗೆ ಕೂರಿಸಿಕೊಂಡು, ಮುಟ್ಟಿ ನೋಡಲೇನು ಎಂದಷ್ಟೇ ಕೇಳಿದಳು. ವರ್ಷದಿಂದ ಯಾರಿಗೂ ಹ್ಞೂಂ ಅನ್ನದವಳು ತಾನಾಗಿಯೇ ಸೆರಗು ಸರಿಸಿ, ನೆರಿಗೆ ಒಂದಿಷ್ಟು ಕೆಳಗಿಳಿಸಿದಳು. ನೂಲು ಹಿಡಿದು ಒರಟಾದ ಹೆಬ್ಬೆರಳು, ಹೊಸ ಸೀರೆಯ ಕೊಂಡಿ ನೋಡುವಂತೆಯೇ, ಕಲೆಯ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಸರಿಯಿತು.

"ಎಲ್ಲೂ ಸಡ್ಲ ಇಲ್ಲ," ಎಂದಳು ಕಾಳವ್ವ. ಅವಳ ಕಣ್ಣು ತುಂಬಿದ್ದವು, ಬೆರಳು ಮಾತ್ರ ಕಲೆಯ ಮೇಲೇ ಇತ್ತು.

ಚೇತನಾ ಮೊಬೈಲು ಎತ್ತಿ ಹಿಡಿದು ತನ್ನದೇ ಒಂದು ಫೋಟೊ ತೆಗೆದಳು. ಅದರಲ್ಲಿ ಕೂದಲು ಕೆದರಿದೆ, ಮೂಗು ಕೆಂಪಾಗಿದೆ, ಮೂಲೆಯಲ್ಲಿ ಚಹಾದ ಕಪ್ ವಾರೆಯಾಗಿ ಬಂದಿದೆ. ಸ್ಟುಡಿಯೊಕ್ಕೆ ಯಾರಾದರೂ ತಂದಿದ್ದರೆ ತಿದ್ದಲು ಅರ್ಧ ದಿನ ಹಿಡಿಯುತ್ತಿತ್ತು. ಅವಳ ಮುಖ, ಅವಳ ಹೊಟ್ಟೆ ಎರಡೂ ಒಂದೇ ಚಿತ್ರದಲ್ಲಿ ಬಂದದ್ದು ಅದೇ ಮೊದಲು. ಸಂಜೆ ಅದನ್ನು ಸಚಿನನಿಗೆ ಕಳಿಸಿದಳು, ಕೆಳಗೆ 'ನನ್ನ ಒಡಲು' ಎಂದು ಬರೆದು.