ಮಂಜಿನಲ್ಲಿ ಬಿಸಿಲೇಟು

"ಏನೇ ಒದೀಲಿಯಾ, ನಿನ್ ಮಗ್ಳು ಡಾಕ್ಟ್ರಾಗಿ ಬಂದು ನನ್ ಕುಂಡಿಗೆ ಸೂಜಿ ಚುಚ್ತಾಳಂತೆ? ಅಲ್ಲೀಗಂಟ ನಿನ್ ಕುಂಡಿ ಮ್ಯಾಕೆತ್ಕೊಂಡು ಹಣ್ಣು ಬಿಡ್ಸು. ಬಗ್ಗೇ ಮುಂಡೆ!"

ಮೇಸ್ತ್ರಿ ರಾಮಿರೊನ ಬಾಯಿ ಹೊತ್ತು ಮೂಡುವ ಮೊದಲೇ ತೆರೆದುಕೊಂಡಿತ್ತು. ಅವನೂ ನಮ್ಮಂತೆ ಮೆಕ್ಸಿಕೋದಿಂದ ಗಡಿ ದಾಟಿ ಬಂದವನೇ. ಆದರೆ ಅವನದು ಸ್ಪ್ಯಾನಿಷ್ ಆಡುವ ಜನ. ನಾವು ಓಹಾಕಾ ಬೆಟ್ಟದ ಮಿಸ್ತೆಕರು. ಕುಳ್ಳಗೆ, ಕಪ್ಪಗೆ, ಮಾತೂ ಬೇರೆ. ಸ್ಟ್ರಾಬೆರಿ ಕೀಳಲಿ ಅಂತಲೇ ದೇವರು ನಮ್ಮನ್ನು ನೆಲಕ್ಕೆ ಹತ್ತಿರ ಮಾಡಿ ಇಟ್ಟಿದ್ದಾನೆ ಅನ್ನುವುದು ಅವನು ದಿನಾ ಹೇಳುವ ಹಾಸ್ಯ.

ನನ್ನಕ್ಕ ಒದೀಲಿಯಾ ತಲೆ ಎತ್ತಲಿಲ್ಲ. ಮುಖಕ್ಕೆ ಕಟ್ಟಿದ್ದ ಬಟ್ಟೆಯೊಳಗಿಂದಲೇ ನಮ್ಮ ಮಾತಿನಲ್ಲಿ, "ಸೂಜಿ ಯಾಕಣ್ಣ, ದಬ್ಬಣದಲ್ಲೇ ಚುಚ್ತಾಳೆ ಬುಡು" ಅಂದಳು. ಸಾಲಿನುದ್ದಕ್ಕೂ ಹೆಂಗಸರು ಕಿಸಕ್ಕೆಂದರು. ರಾಮಿರೊನಿಗೆ ನಮ್ಮ ಮಾತು ಒಂದಕ್ಷರ ತಿಳಿಯದು. ಆ ತೋಟದಲ್ಲಿ ನಮಗಿದ್ದ ಸುಖ ಅದೊಂದೇ.

ಜೂನ್ ತಿಂಗಳ ಸಾಂತಾ ಮರೀಯಾ, ಗಡಿಯಾಚೆಯ ಕಡಲತೀರದ ಊರು. ಸಮುದ್ರದಿಂದ ಎದ್ದ ಮಂಜು ತೋಟದ ಮೇಲೆ ಒದ್ದೆ ಕಂಬಳಿಯಂತೆ ಬಿದ್ದಿತ್ತು. ಎರಡೆರಡು ಸ್ವೆಟರ್ ಹಾಕಿದ್ದರೂ ಬೆರಳು ಸೆಟೆದುಕೊಳ್ಳುತ್ತಿದ್ದವು.

ಅಕ್ಕನ ಮಗಳು ಸೆನಾಯ್ದಾ ಅವತ್ತು ತೋಟದಲ್ಲಿರಲಿಲ್ಲ. ಹಣ್ಣು ಕೀಳುತ್ತಲೇ ಕಾಲೇಜು ಮುಗಿಸಿದ ಹುಡುಗಿ. ಅಂಕಗಳಿಗೇನೂ ಕೊರತೆಯಿಲ್ಲ. ಆದರೆ ಮೆಡಿಕಲ್ ಸೇರುವುದಕ್ಕೆ ಅಂಕ ಸಾಲದಂತೆ. ಯಾರಾದರೂ ಡಾಕ್ಟರ ಹಿಂದೆ ತಿಂಗಳುಗಟ್ಟಲೆ ಓಡಾಡಿರಬೇಕಂತೆ, "ಈ ಹುಡುಗಿ ಯೋಗ್ಯಳು" ಎಂದು ಅವರು ಪತ್ರ ಕೊಡಬೇಕಂತೆ. ಉಳ್ಳವರ ಮಕ್ಕಳಿಗೆ ಡಾಕ್ಟರೆಂದರೆ ಮಾವ, ದೊಡ್ಡಪ್ಪ, ಪಕ್ಕದ ಮನೆಯಾತ. ನಮಗೆ ಡಾಕ್ಟರೆಂದರೆ ಸತ್ತಾಗ ಬಂದು ಸತ್ತ ಹೊತ್ತು ಹೇಳುವವನು.

"ಹಣ್ಣು ಬಿಡಿಸಿದ್ದು ಅನುಭವ ಅಂತ ಲೆಕ್ಕಕ್ಕೆ ಬರಲ್ಲಮ್ಮ" ಎಂದಿದ್ದಳು ಕಾಲೇಜಿನ ಮೇಡಂ. "ಆದರೆ ಅರ್ಜಿಯಲ್ಲಿ ನಿಮ್ಮ ಕಷ್ಟ ಬರಿ. ಓದಿದವರಿಗೆ ಅಳು ಬರೋ ಹಾಗೆ ಬರಿ. ಅವರಿಗೆ ಅದು ಇಷ್ಟ."

ಊರಿನ ಡಾಕ್ಟರ ಬಾಗಿಲುಗಳನ್ನೆಲ್ಲ ಹುಡುಗಿ ತಟ್ಟಿದಳು. ಕೊನೆಗೆ ಒಳಗೆ ಬಿಟ್ಟುಕೊಂಡವನು ಪ್ರೂಯಿಟ್, ನಮ್ಮ ಕಂಪನಿ ಕೂಲಿಗಳನ್ನು ನೋಡುವ ಡಾಕ್ಟರು. ನಮ್ಮ ಮಾತು ಬಲ್ಲವರೊಬ್ಬರು ಅವನಿಗೆ ಬೇಕಿತ್ತು. ಒಂದು ವರ್ಷ ಬಿಟ್ಟಿ ದುಭಾಷಿಯಾಗಿ ನಿಂತರೆ ಪತ್ರ ಕೊಡುತ್ತೇನೆ ಎಂದ. ಹುಡುಗಿ ನಿಂತಳು. ವರ್ಷ ಮುಗಿದಿತ್ತು. ಪತ್ರ ಅವತ್ತು ಸಂಜೆ ಹೋಗುವುದಿತ್ತು. ಅಕ್ಕ ಹಿಂದಿನ ದಿನವೇ ಹಬ್ಬದಡುಗೆಯ ಮೋಲೆ ಮಸಾಲೆ ಅರೆಯಲು ಮೆಣಸಿನಕಾಯಿ ನೆನೆಹಾಕಿದ್ದಳು.

ಪಕ್ಕದ ತಾಕಿನಲ್ಲಿ ಟ್ರ್ಯಾಕ್ಟರ್ ಔಷಧಿ ಹೊಡೆಯುತ್ತಿತ್ತು. ಗಾಳಿ ಯಾವಾಗ ತಿರುಗಿತೋ ತಿಳಿಯಲಿಲ್ಲ. ಮಂಜಿನ ಜೊತೆಗೇ ಅದೂ ಬಂದು ನಮ್ಮ ಮೇಲೆ ಕೂತಿತು. ಸ್ವೆಟರೆಲ್ಲ ತೊಯ್ದು ಕೊಳೆತ ಬೆಳ್ಳುಳ್ಳಿಯ ನಾತ ಹೊಡೆಯತೊಡಗಿತು. ಮೊದಲು ಅಕ್ಕ ವಾಂತಿ ಮಾಡಿಕೊಂಡಳು. ಆಮೇಲೆ ನಾನು. ಏಳು ತಿಂಗಳ ಬಸುರಿ ಎರ್ಮೆಲಿಂದಾ ಸಾಲಿನ ನಡುವೆ ಮಂಡಿಯೂರಿದಳು. ಬಾಯಿಂದ ಜೊಲ್ಲು ಸುರಿಯುತ್ತಿತ್ತು.

"ಏನ್ರೇ ನಾಟ್ಕ, ಹಡಬೆ ಮುಂಡೇರಾ! ಪೆಟ್ಗೆ ತುಂಬ್ಸಿ ಆಮ್ಯಾಕೆ ಸಾಯ್ರಿ!" ರಾಮಿರೊ ಅಷ್ಟು ದೂರ ನಿಂತೇ ಕೂಗಿದ. ಹತ್ತಿರ ಬರಲಿಲ್ಲ. ತಿಳಿದವನು.

ಬಿದ್ದವರನ್ನೆಲ್ಲ ವ್ಯಾನಿಗೆ ತುಂಬಿ ಪ್ರೂಯಿಟ್‌ನ ಕ್ಲಿನಿಕ್ಕಿಗೆ ತಂದು ಸುರಿದರು. ಸೆನಾಯ್ದಾ ಬಿಳಿ ಕೋಟು ಹಾಕಿಕೊಂಡು ನಿಂತಿದ್ದಳು. ಅವ್ವನನ್ನು ಕಂಡು ಓಡಿ ಬಂದಳು.

ಡಾಕ್ಟರು ಕುರ್ಚಿಯಿಂದ ಏಳಲಿಲ್ಲ. ರಾಮಿರೊ ಅವನ ಕಿವಿಯಲ್ಲಿ ಏನೋ ಹೇಳಿದ. ವಿಷ ಎಂದು ಡಾಕ್ಟರು ಬರೆದರೆ ಸರ್ಕಾರದವರು ಬರುತ್ತಾರೆ, ತೋಟ ನಿಲ್ಲುತ್ತದೆ. ಇದು ನಮಗೂ ಗೊತ್ತಿತ್ತು.

"ಬಿಸಿಲೇಟು" ಎಂದ ಪ್ರೂಯಿಟ್. "ನೀರು ಕುಡಿದು ನಾಳೆ ಕೆಲಸಕ್ಕೆ ಬರಲಿ. ಹೇಳು ಇವರಿಗೆ. ಹಾಂ ಸೆನಾಯ್ದಾ, ನಿನ್ನ ಪತ್ರ ನನಗೆ ನೆನಪಿದೆ."

ಹುಡುಗಿ ನಮ್ಮ ಕಡೆ ತಿರುಗಿದಳು.

"ಏನಂದನೇ?" ಅಕ್ಕ ಕೇಳಿದಳು.

"ಬಿಸ್ಲು ಬಡ್ದದೆ ಅಂತವ್ನೆ ಕಣವ್ವ."

ಕಿಟಕಿಯಾಚೆ ಎದುರಿನ ಮರವೂ ಕಾಣದಷ್ಟು ಮಂಜು. ಯಾರೋ ಒಬ್ಬಳು ನಗಲು ಹೋಗಿ ಕೆಮ್ಮಿದಳು. ಅಕ್ಕ ಡಾಕ್ಟರನ್ನೂ ಮಗಳನ್ನೂ ನೋಡಿದಳು. ಬಾಯಿ ಒರೆಸಿಕೊಂಡಳು.

"ಹೂಂ ಅನ್ನು. ನಂಗೆ ಬಡ್ದಿರದು ಬಿಸ್ಲೇ."

"ಅವ್ವಾ, ಅದು ವಿಷ..."

"ಬಾಯ್ ಮುಚ್ಚೇ! ನಿನ್ ಕಾಗ್ದ ಇವನ್ ಕೈಲದೆ. ಬಿಸ್ಲು ಅಂದ್ರೆ ಬಿಸ್ಲು."

ನಮ್ಮ ಬೆಟ್ಟದ ಊರುಗಳಲ್ಲಿ ಬಾವಿ ತೋಡಬೇಕಾದರೆ, ದಾರಿ ಮಾಡಬೇಕಾದರೆ ಮನೆಗೊಬ್ಬರು ಬಂದು ಬಿಟ್ಟಿ ದುಡಿಯುತ್ತಾರೆ. ಅದಕ್ಕೆ ತೆಕಿಯೊ ಎನ್ನುತ್ತೇವೆ. ಒಲ್ಲೆ ಎನ್ನುವ ಹಾಗಿಲ್ಲ. ಅವತ್ತು ಆ ಕೋಣೆಯಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ, ಆದರೆ ನಡೆದದ್ದು ಅದೇ. ಬೆಂಚಿನ ಮೇಲಿದ್ದ ಹೆಂಗಸರು ಒಬ್ಬೊಬ್ಬರೇ ಬಾಯಿಬಿಟ್ಟರು.

"ನಂಗೂ ಬಿಸ್ಲೇ ಕಣವ್ವ."

"ನಂದೂ ಬಿಸ್ಲೇ. ಬರ್ಕೊಳ್ಲಿ ಬೋಳಿಮಗ."

ನಾನೂ ಹೇಳಿದೆ. ಕರುಳು ಕಿತ್ತು ಬರುತ್ತಿತ್ತು, ಆದರೂ ಹೇಳಿದೆ. ನಮ್ಮವಳೊಬ್ಬಳು ಡಾಕ್ಟರಾಗಲಿ ಎಂದು ವಿಷವನ್ನೂ ನುಂಗಿ ಬಿಸಿಲು ಎಂದೆವು. ಹೆಮ್ಮೆಯೂ ಆಯಿತು, ಥೂ ಅಂತಲೂ ಅನಿಸಿತು. ಸೆನಾಯ್ದಾ ಅಳುತ್ತಲೇ ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸಿದಳು. ಡಾಕ್ಟರು ತಲೆಯಾಡಿಸುತ್ತ ಬರೆದುಕೊಂಡ.

ಕೊನೆಗೆ ಎರ್ಮೆಲಿಂದಾಳ ಸರದಿ.

"ನಂಗೂ ಬಿಸ್ಲೇ ಕಣಕ್ಕ" ಎಂದಳು, ಜೊಲ್ಲು ಒರೆಸಿಕೊಳ್ಳುತ್ತ. ಮತ್ತೆ ಮೆಲ್ಲಗೆ, "ಒಂದ್ ಕೇಳ್ಲಾ? ಆಗ್ಲಿಂದ ಮಗ ಒದೀತಿಲ್ಲ. ಬಿಸ್ಲಿಗೆ ಮನಿಕೊಂಡಿರ್ತದಾ?"

ಸೆನಾಯ್ದಾಳ ಅಳು ನಿಂತಿತು.

"ಇವಳ ಮಗು ಅಲುಗಾಡ್ತಿಲ್ಲ, ಡಾಕ್ಟ್ರೇ."

"ನೀರು ಕುಡಿಯಲಿ."

"ಹೊರಗೆ ಮಂಜಿದೆ. ನೀವೂ ಸ್ವೆಟರ್ ಹಾಕಿದ್ದೀರಿ."

ಪ್ರೂಯಿಟ್ ಪೆನ್ನು ಕೆಳಗಿಟ್ಟ. "ಯೋಚನೆ ಮಾಡಿ ಮಾತಾಡು. ವರ್ಷವೆಲ್ಲ ದುಡಿದಿದ್ದೀಯ. ನಿನ್ನಂಥವರಿಗೆ ಇಂಥ ಅವಕಾಶ ಇನ್ನೊಂದು ಸಲ ಬರಲ್ಲ."

ಅವಳು ಎರ್ಮೆಲಿಂದಾಳ ತೊಯ್ದ ಸ್ವೆಟರ್ ಬಿಚ್ಚಿದಳು. ತನ್ನ ಬಿಳಿ ಕೋಟು ಕಳಚಿ ಆಕೆಗೆ ಹೊದಿಸಿದಳು. ಸ್ವೆಟರ್ ತಂದು ಡಾಕ್ಟರ ಮೇಜಿನ ಮೇಲೆ, ಅವನು ಬರೆದದ್ದರ ಮೇಲೇ ಹಾಕಿದಳು.

"ಬಿಸಿಲು ತಾನೇ? ಮೂಸಿ ನೋಡಿ."

ಪ್ರೂಯಿಟ್ ಮೂಗು ಮುಚ್ಚಿಕೊಂಡು ಕುರ್ಚಿಸಮೇತ ಹಿಂದಕ್ಕೆ ಸರಿದ. ಗೋಡೆ ತಗಲುವವರೆಗೂ ಸರಿದ.

ನಾವೆಲ್ಲ ನೋಡಿದೆವು. ಯಾರೂ ಏನೂ ಹೇಳಿಕೊಡಲಿಲ್ಲ. ಮೊದಲು ನಾನು ಎದ್ದೆ, ಸ್ವೆಟರ್ ಕಳಚಿ ಆ ಮೇಜಿನ ಮೇಲೆ ಎಸೆದೆ. ನನ್ನ ಹಿಂದೆ ಉಳಿದವರು. ಮೇಜಿನ ಮೇಲೆ ಗುಡ್ಡೆಯಾಯಿತು, ನಾತ ಕೋಣೆ ತುಂಬಿತು. "ನಾಳಿಂದ ಒಬ್ಳೂ ತೋಟಕ್ಕೆ ಕಾಲಿಕ್ಬ್ಯಾಡಿ, ಸೂಳೇರಾ!" ಎಂದು ರಾಮಿರೊ ಬಾಗಿಲಾಚೆಯಿಂದ ಅರಚಿದ. ಒದೀಲಿಯಾ ಮಾತ್ರ ಸ್ವೆಟರ್ ಬಿಚ್ಚಲಿಲ್ಲ. ಬೆಂಚಿನ ಮೇಲೆ ಕೂತೇ ಇದ್ದಳು.

ಹೊರಗೆ ಸೆನಾಯ್ದಾಳ ಹಳೆ ಕಾರಿನ ಹತ್ತಿರ ಬಂದು ಮಗಳ ಕೆನ್ನೆಗೆ ಬಾರಿಸಿದಳು.

"ನಾವೆಲ್ಲ ಬಿಸ್ಲು ಅಂದ್ವಲ್ಲೇ! ಎಲ್ರೂ ಅಂದ್ವಲ್ಲೇ! ಎಲ್ಲಾನೂ ದಂಡ ಮಾಡ್ದೆ. ನಿನ್ ಬೆನ್ನೂ ನನ್ ಬೆನ್ನಿನಂಗೇ ಬಗ್ಗಿ ಸಾಯ್ಲಿ."

ಸೆನಾಯ್ದಾ ಅವ್ವನ ಸ್ವೆಟರನ್ನು ತಾನೇ ಬಿಚ್ಚಿ ರಸ್ತೆಗೆ ಬಿಸಾಡಿದಳು. ಎರ್ಮೆಲಿಂದಾಳನ್ನು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿ, ಅವ್ವನನ್ನು ಮುಂದೆ ಕೂರಿಸಿ ದೊಡ್ಡಾಸ್ಪತ್ರೆಗೆ ಕಾರು ಓಡಿಸಿದಳು. ಉಳಿದವರು ಫೋನು ಮಾಡಿ ನೆಂಟರನ್ನು ಕರೆಸಿಕೊಂಡು, ಅವರಿವರ ಕಾರು ಹತ್ತಿ ಹಿಂದೆಯೇ ಬಂದರು.

ಅಲ್ಲಿ ಎಲ್ಲರ ಮೈ ತೊಳೆಸಿದರು. ಎರ್ಮೆಲಿಂದಾಳ ಹೊಟ್ಟೆಗೆ ಏನೋ ಸವರಿ, ನರ್ಸು ಅದರ ಮೇಲೆ ಯಂತ್ರದ ಹಿಡಿಯನ್ನು ಒತ್ತಿ ಹಿಡಿದಳು. ಮಗುವಿನ ಎದೆಬಡಿತ ಅದರಲ್ಲಿ ಕೇಳಿಸುತ್ತದಂತೆ. ಬರಿಯ ಗೊರಗೊರ ಸದ್ದು. ನರ್ಸು ಜಾಗ ಬದಲಿಸಿದಳು. ಮತ್ತೆ ಬದಲಿಸಿದಳು. ಆಮೇಲೆ ಸೆನಾಯ್ದಾಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದಳು.

ಸೆನಾಯ್ದಾ ಎರ್ಮೆಲಿಂದಾಳ ಕೈ ಹಿಡಿದುಕೊಂಡು ನಿಂತಳು.

"ಏನಂದ್ಲಕ್ಕ?" ಎರ್ಮೆಲಿಂದಾ ಕೇಳಿದಳು.

ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ಒದೀಲಿಯಾ ಮಗಳನ್ನೇ ನೋಡುತ್ತಿದ್ದಳು.

"ಅವ್ಳು ಅಂದಿದ್ದನ್ನೇ ಹೇಳೇ" ಎಂದಳು. "ಸುಳ್ಳು ಹೇಳ್ಬ್ಯಾಡ."