ಮೇಣದೊಳಗಿನ ಕೈ

ಕ್ಷ-ಕಿರಣ ಬಂದ ಹೊಸತರಲ್ಲಿ ಬುಡಾಪೆಸ್ಟಿನಲ್ಲಿ ಅದರ ಗಾಜಿನ ಬುಡ್ಡಿ ಕೊಳ್ಳಲು ಬರುತ್ತಿದ್ದ ಡಾಕ್ಟರುಗಳಿಗೆ ಒಂದು ಹಟವಿತ್ತು. ಮಾರುವವನು ಬುಡ್ಡಿ ಹೊತ್ತಿಸಿ ತನ್ನ ಕೈಯನ್ನೇ ಅದರ ಮುಂದೆ ಹಿಡಿಯಬೇಕು. ಎದುರಿನ ಪರದೆಯ ಮೇಲೆ ಮೂಳೆ ಕಪ್ಪಗೆ, ಮಾಂಸ ಮಸುಕಾಗಿ ಮೂಡಿದರೆ ಮಾಲು ಒಳ್ಳೆಯದು. ಕೈ ಹಿಡಿಯಲು ಹಿಂದೆಮುಂದೆ ನೋಡಿದನೋ, ಮಾಲಿನಲ್ಲಿ ಏನೋ ಐಬಿದೆ ಎಂದೇ ಅರ್ಥ.

ಬುಡ್ಡಿ ತಯಾರಿಸುತ್ತಿದ್ದ ತಿವಾದರ್ ವರ್ಷಗಟ್ಟಲೆ ಎಡಗೈ ಹಿಡಿದ. ಮೊದಲು ಉಗುರು ಒಡೆದವು, ಆಮೇಲೆ ಚರ್ಮ ಬಿರಿಯಿತು. ಗಾಜು ಊದುವಾಗ ಸುಟ್ಟಿರಬೇಕು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡ. ಹುಣ್ಣು ಮಾತ್ರ ಯಾವ ಸುಳ್ಳಿಗೂ ಮಾಯಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಮಣಿಕಟ್ಟಿಗಿಂತ ಮೇಲೆ ಕೈ ಕತ್ತರಿಸುವುದೆಂದು ತೀರ್ಮಾನವಾಯಿತು.

"ಆ ಕೈ ಎಸೀಬೇಡಿ. ಮೂಳೆ ಬಿಡಿಸಿ ನಂಗೇ ಕೊಡಿ" ಎಂದ. ಜ್ವರದಲ್ಲಿ ಬಡಬಡಿಸುತ್ತಿದ್ದಾನೆಂದು ಎಲ್ಲರೂ ತಿಳಿದರು.

ಅವನಿಗಿದ್ದದ್ದು ಜ್ವರವಲ್ಲ, ಭಯ. ತಾಯಿಯಿಲ್ಲದ ಮಗಳು ಎತೆಲ್ಕಾ ಅಂಗಡಿಯಲ್ಲಿ ಅವನ ಬಲಗೈಯಾಗಿದ್ದಳು. ಇನ್ನು ಬುಡ್ಡಿಯ ಮುಂದೆ ಹಿಡಿಯುವ ಸರದಿ ಅವಳ ಕೈಯದು. ಅದನ್ನು ತಪ್ಪಿಸಲು ಅವನು ಒಂದು ಸಾಧನ ಯೋಚಿಸಿಟ್ಟಿದ್ದ. ಮೂಳೆಗಳನ್ನು ಬೆರಳಿನ ಕ್ರಮದಲ್ಲೇ ಜೋಡಿಸಿ, ಮಾಂಸದಷ್ಟು ದಪ್ಪ ಮೇಣ ಹೊಯ್ದು, ಹಲಗೆಗೆ ಕೂರಿಸಿದರೆ ಆಯಿತು. ಆ ಹಲಗೆಯನ್ನು ಬುಡ್ಡಿಯ ಮುಂದೆ ನಿಲ್ಲಿಸಿದರೆ ಯಾರ ಕೈಯೂ ಬೇಡ. ಯಾವುದಾದರೂ ಹೆಣದ ಮೂಳೆ ಸಿಗುತ್ತಿರಲಿಲ್ಲವೆಂದಲ್ಲ. ವೃಥಾ ಹಾಳಾದ ಕೈ ಇಷ್ಟಕ್ಕಾದರೂ ಒದಗಲಿ ಎಂಬ ಆಸೆ ಅವನದು.

ಎತೆಲ್ಕಾ ಮೂಳೆ ಜೋಡಿಸಲು ಕುಳಿತಳು. ಕಿರುಬೆರಳಿಗೆ ಬರುವಷ್ಟರಲ್ಲಿ ಅಳು ತಡೆಯಲಾಗದೆ ಎದ್ದು ಹೋದಳು.

"ಅಳೋದ್ಯಾಕೆ? ನಿನ್ ಕೈ ಆ ಬುಡ್ಡಿ ಮುಂದೆ ಹೋಗ್ಬಾರ್ದು, ನಂಗೆ ಅಷ್ಟು ಸಾಕು" ಎಂದು ತಿವಾದರ್ ಗದರಿದ.

ಕೆಲವು ವಾರಗಳಾದ ಮೇಲೆ ಸೆಗೆಡ್ ಊರಿನಿಂದ ಡಾಕ್ಟರ್ ಹರ್ಷಾನಿ ಬಂದರು. ಕಿಟಕಿಗೆ ಕರಿಪರದೆ ಎಳೆದೊಡನೆ ಅಂಗಡಿ ಕತ್ತಲಾಯಿತು, ಬುಡ್ಡಿ ಹಸಿರಾಗಿ ಉರಿಯಿತು. ಪರದೆಯ ಮೇಲೆ ಮೇಣದ ಕೈ ಗೆರೆ ಕೊರೆದಂತೆ ಮೂಡಿತು. ಈ ಸಲವಾದರೂ ಒಪ್ಪಿಯಾರೆಂದು ತಿವಾದರನ ಎದೆ ಹಿಗ್ಗಿತು.

"ಚೆನ್ನಾಗಿದೆ ಕಣ್ರೀ. ಈಗ ಕೈ ಇಡಿ" ಎಂದರು ಡಾಕ್ಟರು.

"ಇದೂ ಕೈನೇ ಡಾಕ್ಟ್ರೇ. ನಂದೇ."

ಡಾಕ್ಟರು ಅವನ ಮೊಂಡುಗೈ ನೋಡಿದರು. "ಅಯ್ಯೋ ಪಾಪ. ಆದ್ರೂ ನೋಡಿ, ಸತ್ತ ಕೈಗೆ ಯಾವ ಬುಡ್ಡಿ ಆದ್ರೇನು? ಮಾಡಿದೋನಿಗೇ ಧೈರ್ಯ ಇಲ್ದಿದ್ರೆ ನನ್ ರೋಗಿಗಳನ್ನ ಅದರ ಮುಂದೆ ಹೇಗ್ರೀ ನಿಲ್ಲಿಸ್ಲಿ?"

"ಧೈರ್ಯ ಇತ್ತು ಡಾಕ್ಟ್ರೇ. ಅದಕ್ಕೇ ಕೈ ಹೋಯ್ತು."

ಅವರು ಆಗಲೇ ಟೋಪಿಗೆ ಕೈ ಹಾಕಿದ್ದರು. ಮೇಣದ ಕೈ ಒಪ್ಪದೆ ಹಿಂದಿನ ಗಿರಾಕಿಗಳೂ ಹೀಗೆಯೇ ಎದ್ದು ಹೋಗಿದ್ದರು. ಎತೆಲ್ಕಾ ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದಳು. "ಇರಿ ಡಾಕ್ಟ್ರೇ, ನಾನು ಹಿಡೀತೀನಿ. ಒಂದು ಗಳಿಗೆ ಅಪ್ಪಾ, ಏನಾಗಲ್ಲ."

ತಿವಾದರ್ ಮೊಂಡುಗೈಯಿಂದಲೇ ಅವಳನ್ನು ಹಿಂದಕ್ಕೆ ನೂಕಿದ. ಹಲಗೆಯನ್ನು ಪಕ್ಕಕ್ಕೆ ಸರಿಸಿ, ಉಳಿದಿದ್ದ ಬಲಗೈಯನ್ನು ಬುಡ್ಡಿಯ ಮುಂದೆ ಚಾಚಿದ.

"ಬೆರಳು ಸ್ವಲ್ಪ ಅಗಲ ಮಾಡಿ. ಹಾಂ! ಈಗ ನಂಬಿಕೆ ಬಂತು ನೋಡಿ" ಎಂದರು ಡಾಕ್ಟರು. ಅವರು ಕೆಟ್ಟವರೇನಲ್ಲ. ಎರಡು ಬುಡ್ಡಿ ಕೊಂಡರು. ಎರಡನೆಯದನ್ನೂ ಹಾಗೆಯೇ ತೋರಿಸಿಕೊಂಡರು.

ಅವರು ಹೋದ ಮೇಲೆ ಎತೆಲ್ಕಾ ಸಿಟ್ಟಿಗೆದ್ದಳು. "ಇದೂ ಹೋದ್ರೆ ಏನ್ ಮಾಡ್ತೀಯಪ್ಪಾ? ತುತ್ತು ಎತ್ತೋಕೂ ಕೈ ಇರಲ್ಲ!"

"ತಿನ್ಸೋಕೆ ನಿನ್ನ ಎರಡು ಕೈ ಇರ್ತಾವಲ್ಲ" ಎಂದು ತಿವಾದರ್ ಕಿಟಕಿಯ ಕರಿಪರದೆ ಸರಿಸಿದ.