ತೆಗೆಯುವ ಕೀ

“ಮೌಸ್ ಒತ್ತೋದು ಒಂದ್ಸಲ ಅಲ್ಲತ್ತೆ, ಎರಡ್ಸಲ! ಟಕ್‌ಟಕ್ ಅಂತ. ಬಾಗ್ಲು ತಟ್ಟೋಕೂ ಬರಲ್ವಾ ನಿಂಗೆ?”

ಲೋಗನಾಥನ್ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಬಿಚ್ಚಿಟ್ಟ ಕಂಪ್ಯೂಟರಿನ ಧೂಳನ್ನು ಬ್ರಷ್ಷಿನಿಂದ ಉದುರಿಸುತ್ತಿದ್ದ. ಗಣಪತಿ ಬಡಾವಣೆಯ ಆ ಕಂಪ್ಯೂಟರ್ ಸರ್ವಿಸ್ ಅಂಗಡಿಯಲ್ಲಿ ಅವನಿಗೆ ಒಂಬತ್ತು ವರ್ಷವಾಗಿತ್ತು. ಸುತ್ತಲಿನ ಪಂಪು ವರ್ಕ್‌ಶಾಪುಗಳಿಂದ ಬರುವ ಗೋಳನ್ನು ಕೇಳಿ ಕೇಳಿ, ಮನುಷ್ಯರಲ್ಲಿ ಎರಡೇ ಜಾತಿ ಎಂದು ಅವನು ತೀರ್ಮಾನಿಸಿದ್ದ. ಪ್ಲಗ್ ಹಾಕದೆಯೇ ‘ಸಿಸ್ಟಮ್ ಸತ್ತೋಯ್ತು’ ಎನ್ನುವವರು ಒಂದು. ಓಡುತ್ತಿರುವಾಗಲೇ ಪ್ಲಗ್ ಕಿತ್ತು ‘ಈಗ ಸತ್ತೋಯ್ತು’ ಎನ್ನುವವರು ಇನ್ನೊಂದು. ಚಹಾದ ಹೊತ್ತಿನಲ್ಲಿ ಅವರೆಲ್ಲರ ದನಿಯನ್ನೂ ಅಣಕಿಸಿ ತೋರಿಸುತ್ತಿದ್ದ. ಪಕ್ಕದ ಮೇಜಿನ ಸತೀಶ್ ಕುಮಾರನಿಗೆ ನಕ್ಕೂ ನಕ್ಕೂ ಚಹಾ ನೆತ್ತಿಗೇರುತ್ತಿತ್ತು.

ಸೂಲೂರಿನ ಸೋದರತ್ತೆ ಪಂಕಜಂ ಮಾತ್ರ ಆ ಕಥೆಗಳಲ್ಲಿ ಬರುತ್ತಿರಲಿಲ್ಲ. ಸುತ್ತೆಲ್ಲ ತಮಿಳೇ ಇದ್ದ ಅಂಗಡಿಯಲ್ಲಿ ಕೂತು ಅವನು ಮನೆಮಾತು ಕನ್ನಡ ಆಡುತ್ತಿದ್ದುದು ಅವಳೊಬ್ಬಳ ಜೊತೆಗೆ. ಅಕ್ಕರೆಯಿಂದಲ್ಲ, ತನ್ನ ರಕ್ತಸಂಬಂಧದಲ್ಲೂ ಇಂಥ ದಡ್ಡಿ ಒಬ್ಬಳಿದ್ದಾಳೆಂದು ಸತೀಶನಿಗೆ ತಿಳಿಯದಿರಲಿ ಎಂದು.

“ತಟ್ಟಿದೆ, ಕಣ್ಣು, ಮಯಿಲು ಬರ್ಲೇ ಇಲ್ಲ. ನಾಕು ಗಂಟೆಗೆ ಮೊದಲಾಳಿ ಬರ್ತಾರಲ್ಲ.”

ಮುದ್ದಿಗೆ ಅವಳು ಅವನನ್ನು ಕಣ್ಣು, ಸಾಮಿ ಎನ್ನುತ್ತಿದ್ದಳು. ಮಯಿಲು ಎಂದರೆ ಸೀರೆಯ ಅಂಚಿಗೆಂದು ಅವಳು ಬರೆದ ನವಿಲು. ಇಪ್ಪತ್ತಾರು ವರ್ಷ ರಾಟೆ ತಿರುಗಿಸಿ ನೂಲು ಸುತ್ತಿದವಳಿಗೆ ಈಗ ಬಲಭುಜ ಎತ್ತಲು ಬರುತ್ತಿರಲಿಲ್ಲ. ನವಿಲು ಒಪ್ಪಿಗೆಯಾದರೆ ಇನ್ನು ಮೇಲೆ ಕೂತು ಡಿಸೈನ್ ಬರೆಯುವ ಕೆಲಸ ಎಂದು ಸೀರೆ ನೇಯಿಸುವ ಧಣಿ, ಮೊದಲಾಳಿ ಸುಬ್ಬಯ್ಯನ್ ಹೇಳಿದ್ದರು. ಆಗದಿದ್ದರೆ ಮತ್ತೆ ಅದೇ ರಾಟೆ. ಎರಡು ತಿಂಗಳು, ಅಡುಗೆ ಮುಗಿಸಿ, ಪಾತ್ರೆ ತೊಳೆದು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಕೂತು, ಚೌಕ ಚೌಕವಾಗಿ ಬರೆದು ಕಂಪ್ಯೂಟರಿಗೆ ತುಂಬಿದ ನವಿಲು ಅದು.

“ಸರಿ. ಆ ಫೈಲ್ ಮೇಲೆ ಒಂದೇ ಸಲ ಒತ್ತು. ನೀಲಿ ಆಯ್ತಾ?”

“ಆಯ್ತು ಸಾಮಿ.”

“ಹಾಂ. ಈಗ ತೆಗಿ.”

“ತೆಗೀಲಾ?” ಅವಳ ದನಿ ಇಳಿಯಿತು. “ನಿಜವಾಗ್ಲೂ ತೆಗೀಲಾ, ಲೋಗು?”

“ತೆಗಿ ಅಂದ್ರೆ ತೆಗಿ! ಅದಕ್ಕೂ ಪಂಚಾಂಗ ನೋಡ್ಬೇಕಾ?”

“ಏನೋ ಕೇಳ್ತೈತೆ.”

“ಅದು ಏನ್ ಕೇಳಿದ್ರೂ ಎಸ್ ಒತ್ತು, ನನ್ನ ಪ್ರಾಣ ತೆಗೀಬೇಡ ಅಂತ ಅವತ್ತೇ ಹೇಳಿಲ್ವಾ?”

ಆ ಕಡೆ ಒಂದು ಕೀ ಟಕ್ಕೆಂದಿತು.

“ತೆಗ್ದೆ.”

“ಬಂತಾ?”

“ಎಲ್ಲಿಂದ ಬರ್ತೈತೆ ಕಣ್ಣು? ಹೋಯ್ತಲ್ಲ.”

ಬ್ರಷ್ಷು ನಿಂತಿತು. ಅತ್ತೆಯ ಮನೆಗೆ ಕಂಪ್ಯೂಟರ್ ತಂದಿಟ್ಟ ದಿನ ಅವನೇ ಡಿಲೀಟ್ ಕೀ ತೋರಿಸಿ ಕಲಿಸಿದ್ದ: ‘ಇದು ತೆಗೆಯೋ ಕೀ. ಬೇಡದ್ದನ್ನ ಇದ್ರಲ್ಲಿ ತೆಗಿ.’ ಮರೆಯಬಾರದೆಂದು ಅತ್ತೆ ತನ್ನ ಹಣೆಯ ಕೆಂಪು ಸ್ಟಿಕ್ಕರ್ ಬೊಟ್ಟನ್ನು ಕಿತ್ತು ಆ ಕೀಗೆ ಅಂಟಿಸಿದ್ದಳು. ಅವನು ನಕ್ಕಿದ್ದ.

“ಅಯ್ಯೋ! ತೆಗೆಯೋದು ಅಂದ್ರೆ ತೆಗೆಯೋದು ಅತ್ತೆ, ತೆಗೆಯೋದಲ್ಲ!” ಎಂದು ಕಿರುಚಿದ. ತನ್ನ ಮಾತು ತನ್ನ ಕಿವಿಗೇ ಬಿದ್ದು ಬಾಯಿ ಮುಚ್ಚಿಕೊಂಡ.

“ಯಾರ್‌ಡಾ?” ಎಂದು ಸತೀಶ್ ತಲೆಯೆತ್ತಿದ.

“ಕಸ್ಟಮರ್‌ಡಾ” ಎಂದು ಅವನು ಗೋಡೆಯ ಕಡೆ ತಿರುಗಿದ. “ಅತ್ತೆ, ಮೂಲೇಲಿ ಕಸ ಹಾಕೋ ಕುಪ್ಪೆ ಬುಟ್ಟಿ ಚಿತ್ರ ಐತಲ್ಲ, ಅದ್ರೊಳಗೆ ಬಿದ್ದಿರ್ತೈತೆ, ನೋಡು.”

“ತೆಗ್ದ ಕೂಡ್ಲೇ ಅದನ್ನೂ ಸುರಿದ್ಬಿಟ್ಟೆ.”

“ಯಾಕೆ!”

“ವೆಳ್ಳಿಕ್ಕಿಳಮೆ ಅಲ್ವಾ? ಶುಕ್ರವಾರದ ದಿನ ಮನೇಲಿ ಕುಪ್ಪೆ ಇಟ್ಕೊಂಡು ದೀಪ ಹಚ್ತಾರಾ? ತುಂಬಿದ್ರೆ ಸಿಸ್ಟಮ್ ನಿಧಾನ ಆಗ್ತೈತೆ ಅಂತ ನೀನೇ ಅಂದ್ಯಲ್ಲ.”

ಇನ್ನೊಂದು ಕಡೆ ಪ್ರತಿ ತೆಗೆದಿಡುವುದನ್ನು ಅವನು ಕಲಿಸಿರಲಿಲ್ಲ. ಕೀಗೆ ಬೊಟ್ಟಿಡುವ ತಲೆಗೆ ಅದೆಲ್ಲ ಎಲ್ಲಿ ಹತ್ತೀತು ಎಂದು ಬಿಟ್ಟಿದ್ದ.

“ಇನ್ನು ಏನನ್ನೂ ಮುಟ್ಬೇಡ. ಬರ್ತೀನಿ” ಎಂದು ಬೈಕ್ ಹತ್ತಿದ. ದಾರಿಯುದ್ದಕ್ಕೂ ಇದನ್ನು ಯಾರೋ ಗಿರಾಕಿಯ ಕಥೆ ಮಾಡಿ ನಾಳೆ ಸತೀಶನಿಗೆ ಹೇಳುವುದು ಹೇಗೆಂದು ಹೊಸೆದ. ಹೊಸೆದಷ್ಟೂ ಬಿಚ್ಚಿಕೊಂಡಿತು. ತಮಿಳಿನಲ್ಲಿ ತೆರೆಯುವುದಕ್ಕೆ ಒಂದು ಮಾತು, ತೆಗೆದುಹಾಕುವುದಕ್ಕೆ ಇನ್ನೊಂದು ಮಾತು; ತನ್ನ ‘ತೆಗಿ’ಯಂತೆ ಎರಡಕ್ಕೂ ಒಂದೇ ಅಲ್ಲ. ಕಥೆ ನಿಲ್ಲಬೇಕಾದರೆ ತಾನು ಏನು ಹೇಳಿದೆ ಎಂಬುದನ್ನೂ ಹೇಳಬೇಕಾಗಿತ್ತು.

ಅತ್ತೆಯ ಮನೆ ಮುಟ್ಟುವಾಗ ಹನ್ನೆರಡೂವರೆ. ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್ ಹಾಕಿ ಮುಕ್ಕಾಲು ಗಂಟೆ ತಡಕಾಡಿದ. ಸಿಕ್ಕಿದ್ದು ಪರದೆಯ ತುಂಬ ಬೂದಿಬಣ್ಣದ ಪಟ್ಟೆಗಳು. ಅದರಲ್ಲಿ ಒಂದು ಗರಿಯೂ ಇರಲಿಲ್ಲ.

“ಹೋಯ್ತು” ಎಂದ. ತನಗೆ ಬೀಳಬೇಕಾದ ಬೈಗುಳ ಅವಳ ಬಾಯಿಂದ ಬರುತ್ತದೆಂದು ಕಾದ.

ಪಂಕಜಂ ಬಗ್ಗಿ ಮಂಚದ ಕೆಳಗಿನಿಂದ ಉದ್ದನೆಯ ಗ್ರಾಫ್ ಕಾಗದದ ಸುರುಳಿ ಎಳೆದಳು. ಕೆಂಪು ಪೆನ್ಸಿಲಿನಲ್ಲಿ ಬರೆದ ನವಿಲು, ಅಂಚಿನಲ್ಲಿ ಅರಿಶಿನದ ಬೆರಳಚ್ಚು.

“ಅರ್ಧ ಮಯಿಲು ಸಾಕು. ಇನ್ನರ್ಧಾನ ಸಿಸ್ಟಮ್ಮೇ ಮಗುಚಿ ತುಂಬ್ಕೊಳ್ಳುತ್ತೆ, ನೀನೇ ತೋರ್ಸಿದ್ದೆ. ನೀನು ಓದ್ತಾ ಬಾ, ನಾನು ತುಂಬ್ತೀನಿ.”

ಓದುವುದರಲ್ಲೇನಿದೆ, ಬರೀ ಚೌಕಗಳು ಎಂದುಕೊಂಡು ಕೂತ. “ಮೂರು ಕೆಂಪು, ಒಂದು ಖಾಲಿ, ಐದು ಕೆಂಪು...” ನಾಲ್ಕನೆಯ ಸಾಲು ಮುಗಿಯುವಾಗ ಕಣ್ಣು ಜಾರಿತು. ಎಲ್ಲ ಚೌಕವೂ ಒಂದೇ ಥರ.

“ಇದನ್ನ ಆಗ್ಲೇ ಓದ್ದೆ ಸಾಮಿ.”

“ಇಲ್ಲ, ಇದು ಬೇರೆ ಸಾಲು.”

“ಅದೇ ಸಾಲು. ಎರಡ್ಸಲ ತುಂಬಿದ್ರೆ ಮಯಿಲು ಕುಂಟುತ್ತೆ.”

ಅವನು ಮತ್ತೆ ಎಣಿಸಿದ. ಮತ್ತೆ ತಪ್ಪಿತು. ಮೂರನೆಯ ಸಲ ತಪ್ಪಿದಾಗ ಅವನ ಕಿವಿ ಬಿಸಿಯಾಯಿತು. ಗೋಡೆಯ ಗಡಿಯಾರ ಎರಡರ ಹತ್ತಿರ ಬಂದಿತ್ತು.

“ಮೊದ್ಲು ಮೊದ್ಲು ನಂಗೂ ಹಂಗೇ” ಎಂದಳು ಅತ್ತೆ.

ಉಗುರಿನ ತುದಿಯಿಂದ ಕೀಯ ಮೇಲಿನ ಕೆಂಪು ಬೊಟ್ಟನ್ನು ಎಬ್ಬಿಸಿ, ಕಾಗದದ ಅಂಚಿನಲ್ಲಿ, ಐದನೆಯ ಸಾಲಿನ ಪಕ್ಕಕ್ಕೆ ಅಂಟಿಸಿದಳು.

“ಇಲ್ಲಿದ್ದೀವಿ” ಎಂದಳು. “ಹೇಳು.”